ನಾಲ್ಕು ಸಾವಿರ ನ್ಯೂಸ್‌ಗ್ರೂಪ್‌ಗಳು ಮುಚ್ಚಿದಾಗ: 2010ರ ಮೈಕ್ರೋಸಾಫ್ಟ್ ಪ್ರಕರಣ

2010ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ತಾನು ನಡೆಸುತ್ತಿರುವ ನ್ಯೂಸ್‌ಗ್ರೂಪ್‌ಗಳನ್ನು, ಅಂದರೆ ಒಂದೊಂದು ವಿಷಯಕ್ಕೆ ಮೀಸಲಾದ ಸಂದೇಶ ಚರ್ಚೆಯ ಗುಂಪುಗಳನ್ನು, ಜೂನ್‌ನಿಂದ ಹಂತಹಂತವಾಗಿ ಮುಚ್ಚುತ್ತೇನೆ, ಅಕ್ಟೋಬರ್ ಹೊತ್ತಿಗೆ ಆ ಕೆಲಸ ಮುಗಿಯುತ್ತದೆ, ಇನ್ನು ಮುಂದೆ ಪ್ರಶ್ನೆಗಳಿದ್ದರೆ ಬ್ರೌಸರ್‌ನಲ್ಲಿ ತೆರೆಯುವ ಕಂಪನಿಯ ಚರ್ಚಾ ತಾಣಗಳಿಗೆ, ಅಂದರೆ ವೆಬ್ ಫೋರಂಗಳಿಗೆ, ಬನ್ನಿ ಎಂಬುದು ಅದರ ಸಾರಾಂಶ. ಸುಮಾರು 2,000 ಸಾರ್ವಜನಿಕ ಗುಂಪುಗಳು, 2,200ರಷ್ಟು ಖಾಸಗಿ ಗುಂಪುಗಳು ಈ ನಿರ್ಧಾರದ ವ್ಯಾಪ್ತಿಗೆ ಬಂದವು. ಎಕ್ಸೆಲ್, ಆಕ್ಸೆಸ್, ವರ್ಡ್, ವಿಶುವಲ್ ಬೇಸಿಕ್, ವಿಂಡೋಸ್ ಎಕ್ಸ್‌ಪಿ ಹೀಗೆ ಒಂದೊಂದಕ್ಕೂ ಪ್ರತ್ಯೇಕ ಗುಂಪು. ಎಕ್ಸೆಲ್ ಒಂದರಲ್ಲೇ ಪ್ರೋಗ್ರಾಮಿಂಗ್‌ಗೆ ಒಂದು, ಸೂತ್ರಗಳಿಗೆ ಇನ್ನೊಂದು, ಚಾರ್ಟ್‌ಗಳಿಗೆ ಮತ್ತೊಂದು.

ಆನ್‌ಲೈನ್ ಸಮುದಾಯ ಕಟ್ಟುವವರು ಈಗಲೂ ಕೇಳುವ ಪ್ರಶ್ನೆಯೊಂದಿದೆ: ಮಾತುಕತೆ ನಡೆಯಬೇಕಾದದ್ದು ಯಾರೋ ಒಬ್ಬರ ವೆಬ್‌ಸೈಟಿನಲ್ಲೋ, ಎಲ್ಲರ ಸರ್ವರ್‌ಗಳಲ್ಲೂ ಹರಡಿಕೊಳ್ಳುವ ಸಂದೇಶಗಳಲ್ಲೋ? ಇದನ್ನು ಸಿದ್ಧಾಂತವಾಗಿ ಚರ್ಚಿಸುವುದಕ್ಕಿಂತ ಮೈಕ್ರೋಸಾಫ್ಟ್ ಪ್ರಕರಣವನ್ನು ನೋಡುವುದು ಮೇಲು. ಅಲ್ಲಿ ವಿಷಯ ಅದೇ ಇತ್ತು, ಜನರೂ ಬಹುಪಾಲು ಅವರೇ, ಬದಲಾದದ್ದು ವ್ಯವಸ್ಥೆ ಮಾತ್ರ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹೋಲಿಕೆಯನ್ನು ಸಾಮಾನ್ಯವಾಗಿ ಪ್ರಶ್ನೆ ಕೇಳುವವರ ಕಡೆಯಿಂದ ಮಾಡುತ್ತಾರೆ. ಉತ್ತರ ಕೊಡುವವರ ಕಡೆಯಿಂದ ಮಾಡಿದರೆ ಫಲಿತಾಂಶವೇ ಬೇರೆಯಾಗುತ್ತದೆ. ಸಮುದಾಯವೊಂದು ಉಳಿಯುವುದೂ ಅಳಿಯುವುದೂ ಆ ಎರಡನೆಯವರಿಂದ.

ಉತ್ತರಿಸುವವರು ಎಲ್ಲಿಂದ ಬಂದರು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮೈಕ್ರೋಸಾಫ್ಟ್ ಉತ್ಪನ್ನಗಳ ಕುರಿತ ಚರ್ಚೆ ಬಹುಮಟ್ಟಿಗೆ ನಡೆಯುತ್ತಿದ್ದುದು ಕಾಂಪ್ಯೂಸರ್ವ್ ಎಂಬ ಚಂದಾ ಸೇವೆಯಲ್ಲಿ. ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ತಂತ್ರಾಂಶ ಬಲ್ಲ ಕ್ಯಾಲ್ವಿನ್ ಸಿಯಾ ಎಂಬುವವರು ಅಲ್ಲಿನ ಸಂದೇಶಗಳನ್ನು ಇಳಿಸಿಕೊಂಡು, ಯಾರು ಎಷ್ಟು ಬರೆದಿದ್ದಾರೆ ಎಂದು ಎಣಿಸುವ ಪ್ರೋಗ್ರಾಂ ಬರೆದರು. ‘ಕ್ಯಾಲ್ವಿನ್ ಪಟ್ಟಿ’ ಎಂದೇ ಅದು ಹೆಸರಾಯಿತು. ಸಂಬಳವಿಲ್ಲದೆ ಬೇರೆಯವರ ತೊಡಕು ಬಿಡಿಸುವ ಒಂದಷ್ಟು ಜನ ಇದ್ದಾರೆ ಎಂಬುದು ಕಂಪನಿಯ ಕಣ್ಣಿಗೆ ಬಿತ್ತು. 1993ರಲ್ಲಿ ಅಂಥವರಿಗೆ ಎಂವಿಪಿ (ಮೋಸ್ಟ್ ವ್ಯಾಲ್ಯುಬಲ್ ಪ್ರೊಫೆಷನಲ್) ಎಂಬ ಮನ್ನಣೆ ಕೊಡುವ ಪದ್ಧತಿ ಶುರುವಾಯಿತು. ಆಮೇಲೆ ಚರ್ಚೆಗಳು ನ್ಯೂಸ್‌ಗ್ರೂಪ್‌ಗಳಿಗೆ ಸ್ಥಳಾಂತರವಾದಾಗ ಈ ಜನರೂ ಜೊತೆಗೆ ಬಂದರು.

ನ್ಯೂಸ್‌ಗ್ರೂಪ್ ಆ ಹೊತ್ತಿಗೇ ಹಳೆಯ ವ್ಯವಸ್ಥೆ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಕಲ್ಪಿಸಿದ, ನ್ಯೂಸ್‌ಗ್ರೂಪ್‌ಗಳ ಮೂಲ ಜಾಲವಾದ ಯೂಸ್‌ನೆಟ್, ವೆಬ್‌ಗಿಂತ ಹತ್ತು ವರ್ಷ ಹಿರಿಯದು. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಮಾಡಿ ‘ನಿನ್ನಲ್ಲಿ ಇಲ್ಲದ ಸಂದೇಶಗಳು ನನ್ನಲ್ಲಿ ಯಾವುವಿವೆ, ತೆಗೆದುಕೋ’ ಎಂದು ದಾಟಿಸುವುದೇ ಅದರ ಮೂಲ ತತ್ತ್ವ. 1986ರಲ್ಲಿ ಎನ್‌ಎನ್‌ಟಿಪಿ ಎಂಬ ನಿಯಮಾವಳಿ ಬಂದು ಅದೇ ಕೆಲಸ ಇಂಟರ್‌ನೆಟ್ ಮೇಲೆ ನಡೆಯತೊಡಗಿತು. ಒಂದು ಸರ್ವರ್‌ಗೆ ಹಾಕಿದ ಸಂದೇಶ ಕೆಲವೇ ಹೊತ್ತಿನಲ್ಲಿ ಜಗತ್ತಿನ ನೂರಾರು ಸರ್ವರ್‌ಗಳಲ್ಲಿ ಇರುತ್ತಿತ್ತು. ಮಧ್ಯದಲ್ಲಿ ಒಡೆಯನಿರಲಿಲ್ಲ. ಮೈಕ್ರೋಸಾಫ್ಟ್ ತನ್ನದೇ ಸರ್ವರ್ ಇಟ್ಟುಕೊಂಡಿದ್ದರೂ ಅದರ ಸಾರ್ವಜನಿಕ ಗುಂಪುಗಳು ಬೇರೆ ಸರ್ವರ್‌ಗಳಿಗೂ ಹರಡಿಕೊಂಡಿದ್ದವು. ಮುಂದೆ ಇದು ಮುಖ್ಯವಾಗುತ್ತದೆ.

ಒಂದು ಎಕ್ಸೆಲ್ ಪ್ರಶ್ನೆಯ ಜಾಡು

ಈ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಪ್ರಶ್ನೆಯೊಂದನ್ನು ಹತ್ತಿರದಿಂದ ನೋಡೋಣ. ವಿಲುಕಪ್ ಎಂದರೆ ಪಟ್ಟಿಯೊಂದರಲ್ಲಿ ಬೇಕಾದ ಮೌಲ್ಯ ಹುಡುಕಿ ಅದರ ಸಾಲಿನ ಮಾಹಿತಿ ತರುವ ಎಕ್ಸೆಲ್ ಸೂತ್ರ. ‘ವಿಲುಕಪ್ ಸೂತ್ರ ಹಾಕಿದ್ದೇನೆ. ಹುಡುಕುವ ಸಂಖ್ಯೆ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದೆ. ಆದರೂ ಸಿಗಲಿಲ್ಲ ಎಂಬ ದೋಷ ಬರುತ್ತಿದೆ.’

ಮೊದಲ ಉತ್ತರ ಬರುತ್ತದೆ: ಒಂದು ಕಡೆ ಸಂಖ್ಯೆ ಸಂಖ್ಯೆಯಾಗಿದೆ, ಇನ್ನೊಂದು ಕಡೆ ಅದೇ ಅಂಕಿಗಳು ಪಠ್ಯವಾಗಿ ಕೂತಿವೆ. ಖಾಲಿ ಸೆಲ್‌ನಲ್ಲಿ 1 ಎಂದು ಬರೆದು ನಕಲಿಸಿ, ವಿಶೇಷ ಪೇಸ್ಟ್‌ನಲ್ಲಿ ಗುಣಾಕಾರ ಆರಿಸಿ ಆ ಅಂಕಣದ ಮೇಲೆ ಹಾಕಿ. ಕೇಳಿದವರು ಮಾಡಿ ನೋಡಿ ಆಗಲಿಲ್ಲ ಎನ್ನುತ್ತಾರೆ. ಎರಡನೆಯವರು ಸೆಲ್‌ನ ಕೊನೆಯಲ್ಲಿ ಖಾಲಿ ಜಾಗ ಉಳಿದಿರಬಹುದು, ಅದನ್ನು ತೆಗೆಯುವ ಟ್ರಿಮ್ ಸೂತ್ರ ಹಾಕಿ ಎನ್ನುತ್ತಾರೆ. ಅದೂ ಕೆಲಸ ಮಾಡುವುದಿಲ್ಲ. ಆಗ ಮೂರನೆಯವರು, ಮತ್ತೊಂದು ಖಂಡದಲ್ಲಿ ಬೆಳಗಾದಾಗ, ಒಂದು ಪ್ರಶ್ನೆ ಹಾಕುತ್ತಾರೆ: ಈ ಪಟ್ಟಿಯನ್ನು ವೆಬ್ ಪುಟದಿಂದ ನಕಲಿಸಿದ್ದೀರಾ? ಹೌದಾದರೆ ಅಲ್ಲಿರುವುದು ಸಾಮಾನ್ಯ ಖಾಲಿ ಜಾಗವಲ್ಲ, 160ನೇ ಸಂಕೇತದ ಮುರಿಯದ ಜಾಗ. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಅದನ್ನು ತೆಗೆಯಬೇಕು.

ನ್ಯೂಸ್‌ಗ್ರೂಪ್‌ನಲ್ಲಿ ಈ ಸಂವಾದ ಒಂದು ವೃಕ್ಷದಂತೆ ಕವಲೊಡೆದು ಕಾಣುತ್ತದೆ. ಪ್ರತಿ ಸಂದೇಶದ ತಲೆಭಾಗದಲ್ಲಿ ಅದಕ್ಕೊಂದು ಜಾಗತಿಕವಾಗಿ ಬೇರೆಯಾದ ಗುರುತು ಸಂಖ್ಯೆಯಿರುತ್ತದೆ. ಉತ್ತರ ಬರೆದರೆ ಅದು ಯಾವ ಸಂದೇಶಕ್ಕೆ ಉತ್ತರ, ಆ ಸಂದೇಶ ಯಾವುದಕ್ಕೆ ಉತ್ತರವಾಗಿತ್ತು ಎಂಬ ಇಡೀ ಸರಪಳಿ ಅಲ್ಲೇ ದಾಖಲಾಗುತ್ತದೆ. ಆದ್ದರಿಂದ ಮೂರನೆಯವರು ತಿದ್ದುತ್ತಿರುವುದು ಟ್ರಿಮ್ ಸಲಹೆಯನ್ನೇ ಹೊರತು ಮೊದಲನೆಯದನ್ನಲ್ಲ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಹೆಚ್ಚಿನ ವೆಬ್ ಫೋರಂಗಳು ಸಂದೇಶಗಳನ್ನು ಬಂದ ಸಮಯದ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸುತ್ತವೆ. ಎರಡು ಕವಲಿನ ಚರ್ಚೆ ನಡೆದರೆ ಅಲ್ಲಿ ಯಾರು ಯಾರಿಗೆ ಹೇಳಿದರೆಂದು ಊಹಿಸಬೇಕಾಗುತ್ತದೆ.

ಇನ್ನು ಉತ್ತರಿಸುವವರ ಬೆಳಗಿನ ಕೆಲಸ ಹೇಗಿತ್ತೆಂದು ನೋಡಿ. ಮೇಲ್ ಮತ್ತು ನ್ಯೂಸ್‌ಗ್ರೂಪ್ ಓದುವ ತಂತ್ರಾಂಶವಾದ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದರೆ ಎಡಬದಿಗೆ ತಾವು ಸೇರಿದ ಗುಂಪುಗಳು, ಪಕ್ಕದಲ್ಲಿ ಓದದ ಸಂದೇಶಗಳ ಸಂಖ್ಯೆ. ಒಮ್ಮೆಗೆ 300 ಶೀರ್ಷಿಕೆಗಳು ಇಳಿಯುತ್ತವೆ. ಸ್ಪೇಸ್ ಕೀಲಿ ಒತ್ತುತ್ತ ಹೋದರೆ ಸಂದೇಶ ಕೆಳಕ್ಕೆ ಸರಿಯುತ್ತದೆ, ಮುಗಿದರೆ ಮುಂದಿನ ಓದದ ಸಂದೇಶ ತಾನಾಗಿ ತೆರೆಯುತ್ತದೆ. ಬೇಡದ ಚರ್ಚೆಯನ್ನು ಕಡೆಗಣಿಸು ಎಂದು ಗುರುತಿಸಿದರೆ ಅದು ಮತ್ತೆ ಕಾಡುವುದಿಲ್ಲ. ಬೇಕಾದದ್ದಕ್ಕೆ ಗಮನಿಸು ಎಂಬ ಗುರುತು. ಕೆಣಕುವುದೇ ಕಸುಬಾದ ವ್ಯಕ್ತಿಯನ್ನು ಒಂದು ನಿಯಮ ಬರೆದು ಶಾಶ್ವತವಾಗಿ ಮರೆಮಾಡಬಹುದು. ಹತ್ತು ಗುಂಪುಗಳ ನೂರಾರು ಸಂದೇಶಗಳನ್ನು ಕೈ ಮೌಸ್ ಮುಟ್ಟದಂತೆ ಓದಿ ಮುಗಿಸಲು ಸಾಧ್ಯವಿತ್ತು. ಇಂಟರ್‌ನೆಟ್ ಸಂಪರ್ಕ ಕಡಿದ ಮೇಲೂ ಓದಬಹುದಿತ್ತು, ಉತ್ತರ ಬರೆದಿಟ್ಟು ಮತ್ತೆ ಸಂಪರ್ಕ ಸಿಕ್ಕಾಗ ಕಳಿಸಬಹುದಿತ್ತು. ಫೋನ್ ಬಿಲ್ಲು ನಿಮಿಷಕ್ಕಿಷ್ಟು ಏರುತ್ತಿದ್ದ ಡಯಲ್‌ಅಪ್ ಕಾಲದ ಬೆಂಗಳೂರಿನಲ್ಲಿ ಇದರ ಬೆಲೆ ಏನೆಂದು ಆ ಮೋಡೆಮ್ ಸದ್ದು ಕೇಳಿದವರಿಗೆಲ್ಲ ಗೊತ್ತು.

ವೆಬ್ ಫೋರಂನಲ್ಲಿ ಇದೇ ಕೆಲಸಕ್ಕೆ ಪ್ರತಿ ಚರ್ಚೆಗೂ ಒಂದು ಪುಟ ತೆರೆಯಬೇಕು, ಕಾಯಬೇಕು, ಹಿಂದಕ್ಕೆ ಬರಬೇಕು. ಒಂದು ಪ್ರಶ್ನೆ ಕೇಳಲು ಬಂದವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ದಿನಕ್ಕೆ ಐವತ್ತು ಪ್ರಶ್ನೆ ನೋಡುವವರಿಗೆ ಇದೇ ಮುಖ್ಯ ಹೊರೆ.

ಕಂಪನಿಯ ಕಾರಣಗಳು ಹುರುಳಿಲ್ಲದವಲ್ಲ

ಹೀಗೆಂದ ಮಾತ್ರಕ್ಕೆ ಮೈಕ್ರೋಸಾಫ್ಟ್ ನಿರ್ಧಾರ ಬರಿಯ ಹಟದ್ದೆಂದು ನಾನು ಹೇಳಲಾರೆ. ನ್ಯೂಸ್‌ಗ್ರೂಪ್‌ಗಳಲ್ಲಿ ಜನ ಕಡಿಮೆಯಾಗುತ್ತಿದ್ದರು, ಸ್ಪ್ಯಾಮ್ ಹೆಚ್ಚುತ್ತಿತ್ತು. ಎರಡೂ ನಿಜ.

ಸ್ಪ್ಯಾಮ್ ಯೂಸ್‌ನೆಟ್ಟಿನ ಹುಟ್ಟುದೋಷ. ಕಾವಲುಗಾರನಿಲ್ಲದ ವ್ಯವಸ್ಥೆಯಲ್ಲಿ ಒಳ್ಳೆಯ ಸಂದೇಶ ಹೇಗೆ ತಡೆಯಿಲ್ಲದೆ ಹರಡುತ್ತದೋ ಕೆಟ್ಟದ್ದೂ ಹಾಗೆಯೇ ಹರಡುತ್ತದೆ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಒಟ್ಟಿಗೆ ಸುರಿದಾಗಲೇ ಇದು ಎಲ್ಲರಿಗೂ ಮನವರಿಕೆಯಾಗಿತ್ತು. ಸಂದೇಶದ ತಲೆಭಾಗದಲ್ಲಿ ಇಮೇಲ್ ವಿಳಾಸ ಬೇರೆ ಬಹಿರಂಗವಾಗಿರುತ್ತಿತ್ತು. ಅದನ್ನು ಕದಿಯುವವರಿಂದ ತಪ್ಪಿಸಿಕೊಳ್ಳಲು ಜನ ವಿಳಾಸದ ನಡುವೆ ‘ನೋಸ್ಪ್ಯಾಮ್’ ಎಂದು ತುರುಕಿ ಬರೆಯುತ್ತಿದ್ದರು. ಒಮ್ಮೆ ಕಳಿಸಿದ ಸಂದೇಶವನ್ನು ತಿದ್ದಲು ಆಗುತ್ತಿರಲಿಲ್ಲ. ರದ್ದು ಮಾಡುವ ಸೂಚನೆ ಇತ್ತಾದರೂ ಅದನ್ನು ಯಾರು ಬೇಕಾದರೂ ನಕಲಿ ಮಾಡಬಹುದಾದ್ದರಿಂದ ಅನೇಕ ಸರ್ವರ್‌ಗಳು ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಕೋಡ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಆ ತಪ್ಪು ಎಲ್ಲ ಸರ್ವರ್‌ಗಳಲ್ಲೂ ಉಳಿದುಬಿಡುತ್ತಿತ್ತು. ಯಾವ ಉತ್ತರ ಕೆಲಸ ಮಾಡಿತು ಎಂಬ ಗುರುತಿಲ್ಲದ್ದರಿಂದ ಹುಡುಕಿ ಬಂದವರು ಹನ್ನೆರಡು ಸಂದೇಶಗಳನ್ನು ಓದಬೇಕಾಗುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಬಾಗಿಲಿನದು. ನ್ಯೂಸ್‌ಗ್ರೂಪ್‌ಗೆ ಬರಬೇಕಾದರೆ ಅದನ್ನು ಓದುವ ತಂತ್ರಾಂಶ ಬೇಕು, ಸರ್ವರ್ ಹೆಸರು ಗೊತ್ತಿರಬೇಕು, ಅದನ್ನು ಹೊಂದಿಸಲು ಬರಬೇಕು. ಔಟ್‌ಲುಕ್ ಎಕ್ಸ್‌ಪ್ರೆಸ್ ವಿಂಡೋಸ್ ಜೊತೆಗೇ ಬರುತ್ತಿದ್ದಷ್ಟು ಕಾಲ ಈ ಕಷ್ಟ ಅರ್ಧ ತಗ್ಗಿತ್ತು. ವಿಂಡೋಸ್‌ನ ಮುಂದಿನ ಆವೃತ್ತಿಯಾದ ವಿಸ್ತಾದಲ್ಲಿ ಅದರ ಜಾಗಕ್ಕೆ ವಿಂಡೋಸ್ ಮೇಲ್ ಬಂತು. 2009ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 7ರಲ್ಲಿ ಇಂಥ ತಂತ್ರಾಂಶವೇ ಇರಲಿಲ್ಲ, ಬೇಕಾದವರು ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು. ಬಾಗಿಲು ತೆಗೆದುಹಾಕಿದವರೇ ಏಳೆಂಟು ತಿಂಗಳ ನಂತರ ಒಳಗೆ ಜನ ಬರುತ್ತಿಲ್ಲ ಎಂದು ಹೇಳಿದ್ದು ನನಗೆ ಸರಿ ಕಾಣುವುದಿಲ್ಲ. ಆದರೂ ಫಲಿತಾಂಶ ಅದೇ: ಹೊಸಬರಿಗೆ ನ್ಯೂಸ್‌ಗ್ರೂಪ್ ಎಂಬುದೊಂದು ಇದೆ ಎಂದೇ ತಿಳಿಯುತ್ತಿರಲಿಲ್ಲ.

ನಮ್ಮ ಕಡೆ ಈ ಬಾಗಿಲು ಮೊದಲಿನಿಂದಲೂ ಇನ್ನಷ್ಟು ಕಿರಿದಾಗಿತ್ತು. ಕರ್ನಾಟಕದಲ್ಲಿ ಬಹಳಷ್ಟು ಜನ ಇಂಟರ್‌ನೆಟ್ ಕಂಡದ್ದು ಸೈಬರ್ ಕೆಫೆಗಳಲ್ಲಿ. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಕೂತ ಕಂಪ್ಯೂಟರಿನಲ್ಲಿ ನ್ಯೂಸ್ ಸರ್ವರ್ ಹೊಂದಿಸಿ, ಶೀರ್ಷಿಕೆ ಇಳಿಸಿ, ಎದ್ದು ಹೋದರೆ ಮರುದಿನ ಆ ಜಾಗದಲ್ಲಿ ನಿಮ್ಮದೇನೂ ಇರುವುದಿಲ್ಲ. ಬ್ರೌಸರ್ ಆದರೆ ಯಾವ ಕೆಫೆಯಲ್ಲಿ ಕೂತರೂ ಒಂದೇ. ಕಚೇರಿಗಳಲ್ಲೂ ವೆಬ್‌ನ ದಾರಿ ತೆರೆದಿಟ್ಟು, ನ್ಯೂಸ್‌ಗ್ರೂಪ್ ಬಳಸುವ 119ನೇ ಪೋರ್ಟ್ (ಸಂಪರ್ಕದ ದಾರಿ) ಮುಚ್ಚಿರುತ್ತಿದ್ದುದು ಸಾಮಾನ್ಯ. ಭಾಷೆಯ ತೊಡಕು ಇನ್ನೊಂದು. ಯೂಸ್‌ನೆಟ್‌ನಲ್ಲಿ ಕರ್ನಾಟಕಕ್ಕೆಂದೇ ‘ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಎಂಬ ಗುಂಪಿತ್ತು. ಆದರೆ ರೋಮನ್ ಅಕ್ಷರಗಳಿಗಾಗಿ ರೂಪುಗೊಂಡ ಆ ಜಾಲದಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಗುತ್ತಿತ್ತು. ನ್ಯೂಸ್‌ಗ್ರೂಪ್‌ಗಳ ನಿಯಮಾವಳಿ ಎಲ್ಲ ಭಾಷೆಗಳ ಲಿಪಿಗೂ ಜಾಗವಿರುವ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯನ್ನು ಅಧಿಕೃತವಾಗಿ ಒಪ್ಪಿದ್ದು 2006ರಲ್ಲಿ. ಅಷ್ಟರಲ್ಲಿ ಕನ್ನಡದ ಬರಹ ವೆಬ್‌ಗೆ ಹೋಗಿ ನೆಲೆಯೂರಿತ್ತು. ಕನ್ನಡಿಗನಾಗಿ ನಾನು ವೆಬ್‌ಗೆ ಸಲ್ಲಿಸಬೇಕಾದ ಕೃತಜ್ಞತೆ ಇದು.

ಸ್ಥಳಾಂತರದ ನಂತರ

ವೆಬ್ ಫೋರಂ ಕೊಟ್ಟದ್ದೇನು? ಪ್ರಶ್ನೆ ಕೇಳಲು ಒಂದು ಲಾಗಿನ್ ಸಾಕು. ಚಿತ್ರ ಸೇರಿಸಬಹುದು, ಕೋಡ್‌ಗೆ ಬಣ್ಣ ಬರುತ್ತದೆ, ಬರೆದದ್ದನ್ನು ತಿದ್ದಬಹುದು. ಮಾಡರೇಟರ್‌ಗಳು ಕಸ ತೆಗೆಯುತ್ತಾರೆ. ‘ಇದೇ ಉತ್ತರ’ ಎಂಬ ಗುರುತು ಇದೆ. ಈ ಕೊನೆಯದರ ಬಗ್ಗೆ ನನಗೆ ಅನುಮಾನವಿದೆ. ವಿಲುಕಪ್ ಪ್ರಶ್ನೆಯಲ್ಲಿ ಕೇಳಿದವರಿಗೆ ಟ್ರಿಮ್ ಸಲಹೆಯಿಂದಲೇ ಕೆಲಸ ಆಗಿಬಿಟ್ಟಿತೆಂದುಕೊಳ್ಳಿ. ಅವರು ಅದಕ್ಕೆ ಗುರುತು ಹಾಕಿ ಹೋಗುತ್ತಾರೆ. 160ನೇ ಸಂಕೇತದ ಮಾತು ಹೇಳುವವರು ಆಮೇಲೆ ಬಂದರೂ ಆ ಪುಟಕ್ಕೆ ಮುಗಿದದ್ದೆಂಬ ಮುದ್ರೆ ಬಿದ್ದಾಗಿರುತ್ತದೆ. ಮುಂದೆ ಹುಡುಕಿ ಬರುವ ನೂರು ಜನಕ್ಕೆ ಅರ್ಧ ಉತ್ತರವೇ ಪೂರ್ಣ ಉತ್ತರವಾಗಿ ಕಾಣುತ್ತದೆ.

ಉತ್ತರಿಸುವವರ ಅಸಮಾಧಾನ ಕಂಪನಿಗೂ ತಿಳಿಯದ್ದೇನಲ್ಲ. ಹಾಗಾಗಿ ಒಂದು ಸೇತುವೆಯ ಪ್ರೋಗ್ರಾಂ ಕೊಟ್ಟಿತು. ಅದು ನಮ್ಮದೇ ಕಂಪ್ಯೂಟರಿನಲ್ಲಿ ಪುಟ್ಟ ನ್ಯೂಸ್ ಸರ್ವರಿನಂತೆ ನಟಿಸಿ, ಹಿಂದೆ ಫೋರಂನಿಂದ ಸಂದೇಶ ತರಿಸಿ, ಹಳೆಯ ಓದುವ ತಂತ್ರಾಂಶಕ್ಕೆ ಒಪ್ಪಿಸುತ್ತಿತ್ತು. ಸ್ವಯಂಸೇವಕರು ಅದರ ಇನ್ನೊಂದು ಆವೃತ್ತಿಯನ್ನೂ ಬರೆದು ಕೋಡ್‌ಪ್ಲೆಕ್ಸ್ ಎಂಬ ಕೋಡ್ ಹಂಚುವ ತಾಣದಲ್ಲಿ ಇಟ್ಟರು. ಯೋಚನೆ ಒಳ್ಳೆಯದೇ. ಆದರೆ ಎರಡು ವ್ಯವಸ್ಥೆಗಳ ತಳಹದಿಯೇ ಬೇರೆ. ಫೋರಂನಲ್ಲಿ ಸಂದೇಶ ಎಂದರೆ ಯಾವಾಗ ಬೇಕಾದರೂ ಬದಲಾಗುವ ವೆಬ್ ತುಣುಕು. ನ್ಯೂಸ್‌ಗ್ರೂಪ್‌ನಲ್ಲಿ ಅದು ಒಮ್ಮೆ ಹುಟ್ಟಿದರೆ ಬದಲಾಗದ ಸರಳ ಪಠ್ಯ. ಸೇತುವೆಯ ಈಚೆ ಕೂತವರು ಇಳಿಸಿಕೊಂಡ ಪ್ರಶ್ನೆಯನ್ನು ಆಚೆ ಕೂತವರು ತಿದ್ದಿದರೆ ಈಚೆಯವರಿಗೆ ಅದು ತಿಳಿಯುವ ಸಹಜ ದಾರಿಯಿಲ್ಲ. ಫೋರಂ ತನ್ನ ಒಳರಚನೆ ಬದಲಿಸಿದಾಗಲೆಲ್ಲ ಸೇತುವೆಗೂ ದುರಸ್ತಿ ಬೇಕು. ಅಂಥ ಕೆಲಸ ಸ್ವಯಂಸೇವಕರ ಹೆಗಲ ಮೇಲೆ ಎಷ್ಟು ದಿನ ನಿಂತೀತು? ಕೋಡ್‌ಪ್ಲೆಕ್ಸ್ ತಾಣವೇ 2017ರಲ್ಲಿ ಮುಚ್ಚಿತು.

ಉತ್ತರಿಸುವವರು ಮೂರು ದಾರಿಗಳಲ್ಲಿ ಚದುರಿದರು. ಕೆಲವರು ಕಂಪನಿಯ ಫೋರಂಗಳಿಗೆ ಹೋದರು. ಕೆಲವರು, ಅದರಲ್ಲೂ ಪ್ರೋಗ್ರಾಮರ್‌ಗಳು, ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣದ ಕಡೆ ನಡೆದರು. ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್‌ಕಿ 2008ರಲ್ಲಿ ಆರಂಭಿಸಿದ ಆ ತಾಣ ಮತದಿಂದ ಉತ್ತರಗಳನ್ನು ಮೇಲೆ ಕೆಳಗೆ ಮಾಡುತ್ತಿದ್ದುದರಿಂದ ತಡವಾಗಿ ಬಂದ ಒಳ್ಳೆಯ ಉತ್ತರಕ್ಕೂ ಅವಕಾಶವಿತ್ತು. ಮೂರನೆಯ ಗುಂಪು ಎಲ್ಲಿಗೂ ಹೋಗಲಿಲ್ಲ. ಮೈಕ್ರೋಸಾಫ್ಟ್ ತನ್ನ ಸರ್ವರ್ ನಿಲ್ಲಿಸಿದರೂ ಗುಂಪುಗಳ ಪ್ರತಿಗಳು ಬೇರೆ ಸರ್ವರ್‌ಗಳಲ್ಲಿ ಇದ್ದವಲ್ಲ. ಸರ್ವರ್ ವಿಳಾಸ ಒಂದನ್ನು ಬದಲಿಸಿ, ಎಟರ್ನಲ್ ಸೆಪ್ಟೆಂಬರ್‌ನಂಥ ಉಚಿತ ಸರ್ವರ್‌ಗೆ ಸೇರಿಕೊಂಡು, ಹಳೆಯ ವಿಶುವಲ್ ಬೇಸಿಕ್ ಬಳಗದ ಕೆಲವರು ಮೊದಲಿನಂತೆಯೇ ಬರೆಯುತ್ತ ಹೋದರು. ಕಂಪನಿ ಕೈಬಿಟ್ಟ ಭಾಷೆಯೊಂದರ ಬಳಕೆದಾರರು, ಕಂಪನಿ ಕೈಬಿಟ್ಟ ಗುಂಪಿನಲ್ಲಿ, ಕಂಪನಿಯ ಅಪ್ಪಣೆ ಬೇಡದೆ ಒಬ್ಬರಿಗೊಬ್ಬರು ನೆರವಾಗುತ್ತಿದ್ದರು. ನ್ಯೂಸ್‌ಗ್ರೂಪ್‌ನ ಶಕ್ತಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಹಳೆಯ ಸಂದೇಶಗಳ ಪಾಡು

ಜನರನ್ನು ಕರೆದೊಯ್ದ ಆ ವೆಬ್ ಫೋರಂಗಳೂ ಶಾಶ್ವತವಾಗಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಂಪನಿಯ ಎಂಎಸ್‌ಡಿಎನ್ ಮತ್ತು ಟೆಕ್‌ನೆಟ್ ಎಂಬ ಫೋರಂಗಳನ್ನು ಹಂತಹಂತವಾಗಿ ಓದಲು ಮಾತ್ರ ಉಳಿಸಿ, ಹೊಸ ಪ್ರಶ್ನೆಗಳಿಗೆ ಮೈಕ್ರೋಸಾಫ್ಟ್ ಕ್ಯು ಆ್ಯಂಡ್ ಎ ಎಂಬ ಮತ್ತೊಂದು ತಾಣ ತೋರಿಸಲಾಯಿತು. 2010ರಲ್ಲಿ ಮನೆ ಬದಲಿಸಿದವರು ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು. ಈ ಬಾರಿ ಬೇರೆ ಸರ್ವರ್‌ಗೆ ಹೋಗಿ ಅದೇ ಗುಂಪನ್ನು ಮುಂದುವರಿಸುವ ದಾರಿ ಅವರಿಗಿರಲಿಲ್ಲ. ಫೋರಂನ ಏಕೈಕ ಪ್ರತಿ ಅದರ ಒಡೆಯರ ಬಳಿ ಮಾತ್ರ ಇರುತ್ತದೆ.

ಹಾಗೆಂದು ನ್ಯೂಸ್‌ಗ್ರೂಪ್ ಸಂದೇಶಗಳು ತಾವಾಗಿ ಉಳಿಯುತ್ತವೆ ಎಂದೂ ತಿಳಿಯಬಾರದು. ಹಳೆಯ ಕಾಲದಲ್ಲಿ ಸರ್ವರ್‌ಗಳು ಜಾಗವಿಲ್ಲದೆ ಸಂದೇಶಗಳನ್ನು ಕೆಲವೇ ವಾರಗಳಲ್ಲಿ ಅಳಿಸುತ್ತಿದ್ದವು. 1981ರಿಂದ 1991ರವರೆಗಿನ ಸುಮಾರು 20 ಲಕ್ಷ ಸಂದೇಶಗಳು ನಮಗೆ ಸಿಕ್ಕಿದ್ದು ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಸ್ಪೆನ್ಸರ್ ಅವನ್ನು 141 ಮ್ಯಾಗ್ನೆಟಿಕ್ ಟೇಪ್‌ಗಳಲ್ಲಿ ಎತ್ತಿಟ್ಟಿದ್ದರಿಂದ. 1995ರಲ್ಲಿ ಡೇಜಾ ನ್ಯೂಸ್ ಸಂಸ್ಥೆ ಸಂಗ್ರಹಿಸತೊಡಗಿತು. 2001ರಲ್ಲಿ ಗೂಗಲ್ ಅದನ್ನು ಕೊಂಡು, ಟೊರೊಂಟೊ ಟೇಪ್‌ಗಳ ಸಂದೇಶಗಳನ್ನೂ ಸೇರಿಸಿ, 70 ಕೋಟಿ ಸಂದೇಶಗಳನ್ನು ಹುಡುಕಲು ಒದಗಿಸಿತು. 2024ರ ಫೆಬ್ರವರಿ 22ರಂದು ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ನ ಹೊಸ ಸಂದೇಶಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಹಳೆಯವನ್ನು ಅಲ್ಲಿ ಓದಬಹುದು, ಅಷ್ಟೆ. ಪ್ರತಿ ಮಾಡಿಟ್ಟುಕೊಳ್ಳುವ ಹಕ್ಕನ್ನು ವ್ಯವಸ್ಥೆ ಎಲ್ಲರಿಗೂ ಕೊಟ್ಟಿತ್ತು, ಮಾಡಿಟ್ಟುಕೊಳ್ಳುವ ಕಷ್ಟ ತೆಗೆದುಕೊಂಡವರು ಕೆಲವರೇ.

ಬೇರೆ ದಾರಿಯಿತ್ತೇ?

ಇತ್ತು ಎಂಬುದಕ್ಕೆ ಡಿ ಪ್ರೋಗ್ರಾಮಿಂಗ್ ಭಾಷೆಯ ಬಳಗ ನಿದರ್ಶನ. ವಾಲ್ಟರ್ ಬ್ರೈಟ್ ರೂಪಿಸಿದ ಈ ಭಾಷೆಯ ಚರ್ಚೆ ಮೊದಲಿನಿಂದ ನ್ಯೂಸ್‌ಗ್ರೂಪ್‌ಗಳಲ್ಲಿ ನಡೆಯುತ್ತಿತ್ತು. ವೆಬ್ ಬೇಕೆಂದಾಗ ಅವರು ನ್ಯೂಸ್‌ಗ್ರೂಪ್ ಮುಚ್ಚಲಿಲ್ಲ. ಅದನ್ನೇ ಅಡಿಪಾಯವಾಗಿಟ್ಟು, ಅದರ ಮೇಲೊಂದು ಚುರುಕಾದ ವೆಬ್ ಮುಖವನ್ನು ಡಿ ಭಾಷೆಯಲ್ಲೇ ಬರೆದರು. ಹೊಸಬರು ಬ್ರೌಸರ್‌ನಲ್ಲಿ ಕೇಳುತ್ತಾರೆ, ಹಳಬರು ತಮ್ಮ ಓದುವ ತಂತ್ರಾಂಶದಲ್ಲಿ ಸ್ಪೇಸ್ ಕೀಲಿ ಒತ್ತುತ್ತ ಉತ್ತರಿಸುತ್ತಾರೆ, ಇನ್ನು ಕೆಲವರಿಗೆ ಅದೇ ಸಂದೇಶ ಮೇಲ್ ಆಗಿ ಬರುತ್ತದೆ. ವೆಬ್ ಪುಟದಲ್ಲಿ ವೃಕ್ಷದಂತೆಯೂ ನೋಡಬಹುದು, ಸಾಲಾಗಿಯೂ ನೋಡಬಹುದು. ಮೈಕ್ರೋಸಾಫ್ಟ್ ಫೋರಂ ಮೇಲೆ ನ್ಯೂಸ್‌ಗ್ರೂಪ್‌ನ ಸೇತುವೆ ಕಟ್ಟಲು ಹೋಗಿ ಸೋತಿತು. ಇವರು ನ್ಯೂಸ್‌ಗ್ರೂಪ್ ಮೇಲೆ ಫೋರಂ ಕಟ್ಟಿ ಗೆದ್ದರು. ಬದಲಾಗದ ಸಂದೇಶವನ್ನು ವೆಬ್‌ನಲ್ಲಿ ತೋರಿಸುವುದು ಸುಲಭ, ಬದಲಾಗುವ ಪುಟವನ್ನು ಬದಲಾಗದ ಸಂದೇಶವಾಗಿ ಹಂಚುವುದು ಕಷ್ಟ.

ಇದಕ್ಕೂ ಬೆಲೆ ತೆರಬೇಕು. ಆ ಫೋರಂನಲ್ಲಿ ಕಳಿಸಿದ ಸಂದೇಶವನ್ನು ತಿದ್ದುವ ಗುಂಡಿ ಇಲ್ಲ, ಏಕೆಂದರೆ ಅಷ್ಟರಲ್ಲಿ ಅದು ಎಷ್ಟೋ ಜನರ ಮೇಲ್ ಪೆಟ್ಟಿಗೆಗೆ ತಲುಪಿರುತ್ತದೆ. ಹೊಸದಾಗಿ ಬಂದವರು ಆ ಗುಂಡಿ ಏಕಿಲ್ಲ ಎಂದು ಆಗಾಗ ಕೇಳುತ್ತಾರೆ. ಸಣ್ಣ ತಪ್ಪಿಗೆ ಇನ್ನೊಂದು ಸಂದೇಶ ಬರೆದು ತಿದ್ದುಪಡಿ ಹೇಳಬೇಕಾದ ಈ ಕಿರಿಕಿರಿಯನ್ನು ನಾನು ಸಂತೋಷವಾಗಿ ಒಪ್ಪುತ್ತೇನೆ. ದಿನವೂ ಬಂದು ಉತ್ತರಿಸುವ ಹತ್ತು ಜನರನ್ನು ಕಳೆದುಕೊಳ್ಳುವುದನ್ನು ಒಪ್ಪಲಾರೆ.